ಅರ್ಧ ನಿಮಿಷದ ಓಟ, ಏಳೆಂಟು ವರ್ಷದ ಮನೆವಾಸ

ಇಂಗ್ಲೆಂಡಿನ ಯಾವುದೇ ನಡುಗಾತ್ರದ ಊರಿನ ಉದ್ಯಾನದಲ್ಲಿ ನವೆಂಬರ್ ತಿಂಗಳ ಬೆಳಗು, ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಲ್ಯಾಬ್ರಡಾರ್‌ಗಳೂ ಟೆರಿಯರ್‌ಗಳೂ ಹಗ್ಗದ ಹಂಗಿಲ್ಲದೆ ಚೆಂಡಿನ ಹಿಂದೆ ಓಡುತ್ತ ಕೆಸರು ಮೆತ್ತಿಕೊಳ್ಳುತ್ತಿರುವಾಗ, ಒಂದು ನಾಯಿ ಮಾತ್ರ ಒಡೆಯನ ಪಕ್ಕದಲ್ಲಿ ಅಳೆದು ಹೆಜ್ಜೆಯಿಡುತ್ತಿರುತ್ತದೆ. ಉದ್ದ ಕಾಲು, ಬಾಗಿದ ಬೆನ್ನು, ಒಳಸರಿದ ಹೊಟ್ಟೆ, ಮೈಮೇಲೆ ದಪ್ಪನೆಯ ಅಂಗಿ, ಕೊರಳಲ್ಲಿ ಬೇರೆ ನಾಯಿಗಳ ಪಟ್ಟಿಗಿಂತ ಎರಡು ಪಟ್ಟು ಅಗಲದ ಚರ್ಮದ ಪಟ್ಟಿ, ಒಮ್ಮೊಮ್ಮೆ ಮೂತಿಗೆ ಪ್ಲಾಸ್ಟಿಕ್ಕಿನ ಬಾಯಿಕುಕ್ಕೆ. ಈ ತಳಿಯನ್ನು ಅರಿಯದ ದಾರಿಹೋಕರು ಅದನ್ನು ಕಂಡೊಡನೆ ಹೊಟ್ಟೆಗೆ ಸಾಲದ ನಾಯಿ, ಕಾಯಿಲೆಯ ನಾಯಿ, ಕಚ್ಚುವ ನಾಯಿ ಎಂಬ ಮೂರು ತೀರ್ಮಾನಗಳಿಗೆ ಬರುವುದುಂಟು, ಮೂರೂ ತಪ್ಪು.

ಅದು ಓಟದ ಕಣದಿಂದ ನಿವೃತ್ತವಾಗಿ ಮನೆ ಸೇರಿದ ಗ್ರೇಹೌಂಡ್. ಅದರ ಅಂಗಿ, ಅಗಲ ಪಟ್ಟಿ, ಬಾಯಿಕುಕ್ಕೆ ಇವುಗಳಲ್ಲಿ ಯಾವುದೂ ಒಡೆಯನ ಶೋಕಿಗಾಗಿ ಬಂದದ್ದಲ್ಲ. ಪ್ರತಿಯೊಂದಕ್ಕೂ ಆ ನಾಯಿಯ ಮೈಕಟ್ಟಿನಲ್ಲಿಯೋ ಅದು ಬೆಳೆದ ರೀತಿಯಲ್ಲಿಯೋ ಒಂದು ಕಾರಣವಿದೆ. ಆ ಕಾರಣಗಳನ್ನು ತಿಳಿದವರಿಗೆ ಈ ನಾಯಿಯ ಆರೈಕೆ ಸುಲಭ; ತಿಳಿಯದವರ ಕೈಯಲ್ಲಿ ಇದು ಬಲುಬೇಗ ಅಪಾಯಕ್ಕೆ ಸಿಲುಕುತ್ತದೆ.

ಕಣದಿಂದ ಮನೆಗೆ

ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನೆಚ್ಚಿ, ಬೇಟೆಯನ್ನು ದೂರದಿಂದಲೇ ಕಂಡು ಬೆನ್ನಟ್ಟಿ ಹಿಡಿಯುವ ನಾಯಿಗಳ ಗುಂಪಿಗೆ ಗ್ರೇಹೌಂಡ್ ಸೇರುತ್ತದೆ. ಯುರೋಪಿನ ಬಯಲುಗಳಲ್ಲಿ ಶತಮಾನಗಳ ಕಾಲ ಜೀವಂತ ಮೊಲದ ಹಿಂದೆ ಓಡುತ್ತಿದ್ದ ಈ ನಾಯಿಯನ್ನು ನಗರದ ಜೂಜಿನ ಕಣಕ್ಕೆ ತಂದದ್ದು, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಓವೆನ್ ಪ್ಯಾಟ್ರಿಕ್ ಸ್ಮಿತ್ ರೂಪಿಸಿದ, ಹಳಿಯ ಮೇಲೆ ಓಡುವ ಯಾಂತ್ರಿಕ ಮೊಲ. ಬ್ರಿಟನ್ನಿನಲ್ಲಿ ಇಂಥ ಮೊದಲ ಪಂದ್ಯ ನಡೆದದ್ದು 1926ರ ಜುಲೈ 24ರಂದು, ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ರೀಡಾಂಗಣದಲ್ಲಿ. ಮೂರೇ ವರ್ಷಗಳಲ್ಲಿ ಈ ಆಟ ಎಷ್ಟು ಜನಪ್ರಿಯವಾಯಿತೆಂದರೆ, 1929 ಮತ್ತು 1930ರಲ್ಲಿ ಸತತವಾಗಿ ಇಂಗ್ಲಿಷ್ ಗ್ರೇಹೌಂಡ್ ಡರ್ಬಿ ಎಂಬ ಪಂದ್ಯ ಗೆದ್ದ ‘ಮಿಕ್ ದಿ ಮಿಲ್ಲರ್’ ಎಂಬ ನಾಯಿ ಮನೆಮಾತಾಯಿತು. ಅದರ ದೇಹವನ್ನು ಹುಲ್ಲು ತುಂಬಿ ಕಾಪಿಟ್ಟಿದ್ದು, ಟ್ರಿಂಗ್ ಎಂಬ ಊರಿನಲ್ಲಿರುವ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಪಂದ್ಯದ ಸಾಮಾನ್ಯ ದೂರವಾದ 480 ಮೀಟರುಗಳನ್ನು ಈ ನಾಯಿ ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಮುಗಿಸುತ್ತದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಕಣಕ್ಕಿಳಿದು, ಮೂರರಿಂದ ಐದು ವರ್ಷದೊಳಗೆ ಗಾಯದಿಂದಲೋ ವೇಗ ಕುಂದಿದ್ದರಿಂದಲೋ ಅದು ನಿವೃತ್ತವಾಗುತ್ತದೆ. ಯಾಂತ್ರಿಕ ಮೊಲದಲ್ಲಿ ಆಸಕ್ತಿಯೇ ಮೂಡದೆ ಒಂದೂ ಪಂದ್ಯ ಓಡದೆ ಹಿಂದಿರುಗುವ ನಾಯಿಗಳೂ ಇವೆ. ಆದರೆ ಗ್ರೇಹೌಂಡಿನ ಆಯುಸ್ಸು ಹನ್ನೆರಡು ವರ್ಷಗಳ ಆಸುಪಾಸು. ಉಳಿದ ಏಳೆಂಟು ವರ್ಷಗಳ ಗತಿಯೇನು ಎಂಬ ಪ್ರಶ್ನೆಗೆ ಈ ಉದ್ಯಮ ಬಹುಕಾಲ ಕೊಟ್ಟ ಉತ್ತರ ಕ್ರೂರವಾದದ್ದು. ಗೆಲ್ಲದ ನಾಯಿಗಳನ್ನು ಕೊಲ್ಲಿಸುವುದು ಹಲವು ದೇಶಗಳಲ್ಲಿ ಮಾಮೂಲಿಯಾಗಿತ್ತು. ನಿವೃತ್ತ ನಾಯಿಗಳಿಗೆ ಮನೆ ಹುಡುಕುವ ಸಂಸ್ಥೆ ಬ್ರಿಟನ್ನಿನಲ್ಲಿ 1975ರಲ್ಲಿ ಹುಟ್ಟಿತು. ಇಂದು ಅದು ಗ್ರೇಹೌಂಡ್ ಟ್ರಸ್ಟ್ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಅಮೆರಿಕದ ಫ್ಲಾರಿಡಾ ರಾಜ್ಯದ ಮತದಾರರು 2018ರಲ್ಲಿ ನಾಯಿ ಪಂದ್ಯದ ಜೂಜನ್ನು ನಿಲ್ಲಿಸಲು ಮತ ಹಾಕಿದರು, 2020ರ ಕೊನೆಗೆ ಅಲ್ಲಿನ ಕಣಗಳು ಮುಚ್ಚಿದವು. ನ್ಯೂಜಿಲೆಂಡ್ ಸರ್ಕಾರವೂ ಪಂದ್ಯಗಳನ್ನು ಕೊನೆಗೊಳಿಸುವ ತೀರ್ಮಾನವನ್ನು 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಕಣವೊಂದು ಮುಚ್ಚಿದಾಗಲೆಲ್ಲ ಅಲ್ಲಿನ ನಾಯಿಗಳು ಒಮ್ಮೆಲೇ ಮನೆಗಳನ್ನು ಹುಡುಕಬೇಕಾಗುವುದರಿಂದ, ನಾಯಿ ಸಾಕಿ ಅಭ್ಯಾಸವೇ ಇಲ್ಲದ ಕುಟುಂಬಗಳಿಗೂ ಇವು ತಲುಪುತ್ತಿವೆ.

ವೇಗಕ್ಕೆ ತೆತ್ತ ಬೆಲೆ

ಗಂಟೆಗೆ 60ರಿಂದ 70 ಕಿಲೋಮೀಟರ್ ವೇಗದಲ್ಲಿ ಓಡುವಾಗ ಗ್ರೇಹೌಂಡಿನ ನಾಲ್ಕೂ ಕಾಲುಗಳು ಪ್ರತಿ ದಾಪಿನಲ್ಲಿ ಎರಡು ಬಾರಿ ನೆಲ ಬಿಡುತ್ತವೆ: ಮೈ ಪೂರ್ತಿ ಚಾಚಿಕೊಂಡಾಗ ಒಮ್ಮೆ, ಕಾಲುಗಳೆಲ್ಲ ಹೊಟ್ಟೆಯಡಿ ಕೂಡಿಕೊಂಡಾಗ ಇನ್ನೊಮ್ಮೆ. ಇದನ್ನು ಸಾಧಿಸಲು ತಲೆಮಾರುಗಳ ಆಯ್ಕೆಯ ಮೂಲಕ ಈ ದೇಹದಿಂದ ಓಟಕ್ಕೆ ಬೇಡವಾದದ್ದನ್ನೆಲ್ಲ ಕಳೆಯಲಾಗಿದೆ, ಬೇಕಾದದ್ದನ್ನು ಹಿಗ್ಗಿಸಲಾಗಿದೆ. ದೇಹತೂಕಕ್ಕೆ ಹೋಲಿಸಿದರೆ ಅದರ ಹೃದಯ ಬೇರೆ ತಳಿಗಳಿಗಿಂತ ದೊಡ್ಡದು, ಆಮ್ಲಜನಕ ಹೊರುವ ಕೆಂಪು ಕಣಗಳು ರಕ್ತದಲ್ಲಿ ಹೆಚ್ಚು, ತೊಡೆಯ ಸ್ನಾಯು ದಪ್ಪ. ಕಳೆದುಹೋದದ್ದು ಚರ್ಮದಡಿಯ ಕೊಬ್ಬು, ಚರ್ಮದ ದಪ್ಪ, ಮೈಕೂದಲಿನ ಒಳಪದರ. ಅರ್ಧ ನಿಮಿಷದ ಓಟಕ್ಕೆ ವರವಾದ ಈ ಲೆಕ್ಕಾಚಾರವೇ ಏಳೆಂಟು ವರ್ಷದ ಮನೆವಾಸದಲ್ಲಿ ತೊಡಕುಗಳನ್ನು ತರುತ್ತದೆ.

ಮುಳ್ಳುಪೊದೆಗೆ ನುಗ್ಗಿದ ಲ್ಯಾಬ್ರಡಾರ್ ಒಂದು ಗೀರಿನೊಡನೆ ಹೊರಬಂದರೆ, ಅದೇ ಪೊದೆ ಗ್ರೇಹೌಂಡಿನ ಚರ್ಮವನ್ನು ಹೊಲಿಗೆ ಹಾಕಬೇಕಾದಷ್ಟು ಹರಿಯಬಲ್ಲದು. ಆಟದಲ್ಲಿ ಇನ್ನೊಂದು ನಾಯಿಯ ಹಲ್ಲು ತಗುಲಿದರೂ ಹಾಗೆಯೇ. ಆದುದರಿಂದ ಬೇಲಿಯ ಬಿಡಿ ತಂತಿ, ಎದ್ದುನಿಂತ ಮೊಳೆ, ತೋಟದ ಕುರ್ಚಿಗಳ ಚೂಪು ಅಂಚು, ಇವನ್ನು ನಾಯಿ ಮನೆಗೆ ಬರುವ ಮೊದಲೇ ಸರಿಪಡಿಸಬೇಕಾಗುತ್ತದೆ. ಉದ್ದವಾದ ತೆಳು ಬಾಲಕ್ಕೂ ಇದೇ ಪಾಡು: ಸಂತೋಷದಿಂದ ಬೀಸಿದ ಬಾಲದ ತುದಿ ಇಕ್ಕಟ್ಟಾದ ಓಣಿಯ ಗೋಡೆಗೆ ಬಡಿದು ಬಡಿದು ಒಡೆದು ರಕ್ತ ಚಿಮ್ಮಿಸುತ್ತದೆ, ಹಾಗೆ ಒಡೆದದ್ದು ಬೇಗ ಮಾಯುವುದೂ ಇಲ್ಲ, ಕಾರಿನ ಬಾಗಿಲಿಗೆ ಸಿಕ್ಕಿ ಬಾಲದ ಮೂಳೆ ಮುರಿಯುವುದೂ ಅಪರೂಪವಲ್ಲ. ಮೈಯಲ್ಲಿ ತೇಲಿಸುವಷ್ಟು ಕೊಬ್ಬಿಲ್ಲದ ಕಾರಣ ಈ ನಾಯಿ ನೀರಿನಲ್ಲಿ ಬೇಗ ಮುಳುಗುತ್ತದೆ. ಈಜುಕೊಳವಿರುವ ಮನೆಯಲ್ಲಿ ಕೊಳಕ್ಕೆ ಬೇಲಿ ಬೇಕು, ದೋಣಿಯ ಮೇಲೆ ಕರೆದೊಯ್ಯುವವರು ನಾಯಿಗೂ ತೇಲುವ ಅಂಗಿ ತೊಡಿಸಬೇಕು.

ಕೊರಳು, ಹಗ್ಗ, ಬೇಲಿ

ಮನೆ ಸೇರಿದ ಮೊದಲ ವಾರಗಳಲ್ಲಿ ಗ್ರೇಹೌಂಡ್‌ಗಳು ಕಳೆದುಹೋಗಲು ಅತಿ ಸಾಮಾನ್ಯವಾದ ಕಾರಣ ಅವುಗಳ ಕೊರಳು. ಬೇರೆ ನಾಯಿಗಳಲ್ಲಿ ತಲೆಯ ಸುತ್ತಳತೆ ಕೊರಳಿಗಿಂತ ಹೆಚ್ಚಿರುವುದರಿಂದ ಪಟ್ಟಿ ಜಾರುವುದಿಲ್ಲ. ಗ್ರೇಹೌಂಡಿನ ಸ್ನಾಯುಭರಿತ ಕೊರಳು ಅದರ ನೀಳ ತಲೆಗಿಂತ ದಪ್ಪವಾಗಿರುತ್ತದೆ. ಲಾರಿಯ ಸದ್ದಿಗೋ ಗಾಳಿಗೆ ಹಾರಿಬಂದ ಚೀಲಕ್ಕೋ ಬೆಚ್ಚಿ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಕಿವಿಗಳನ್ನು ದಾಟಿ ಸಲೀಸಾಗಿ ಕಳಚಿ ಬರುತ್ತದೆ.

ಇದಕ್ಕೆ ಮಾರ್ಟಿಂಗೇಲ್ ಎಂದು ಕರೆಯುವ ಪಟ್ಟಿ ಬಳಕೆಯಲ್ಲಿದೆ. ಇದರಲ್ಲಿ ಎರಡು ಸುತ್ತುಗಳಿದ್ದು, ಕೊರಳನ್ನು ಬಳಸುವ ದೊಡ್ಡ ಸುತ್ತಿನ ಎರಡು ತುದಿಗಳ ಮೂಲಕ ಹಾದುಹೋಗುವ ಚಿಕ್ಕ ಸುತ್ತಿಗೆ ಹಗ್ಗವನ್ನು ಸಿಕ್ಕಿಸಲಾಗುತ್ತದೆ. ನಾಯಿ ಜಗ್ಗಿದಾಗ ಚಿಕ್ಕ ಸುತ್ತು ದೊಡ್ಡದನ್ನು ಬಿಗಿಯುತ್ತದೆ. ಆದರೆ ಅಳತೆ ಸರಿಯಿದ್ದರೆ ಬಿಗಿತ ಒಂದು ಮಿತಿಯಲ್ಲಿ ನಿಂತು ಉಸಿರು ಕಟ್ಟಿಸುವುದಿಲ್ಲ. ಪಟ್ಟಿಯನ್ನು ಕಿವಿಯ ಹಿಂದೆಯೇ, ಕೊರಳಿನ ಮೇಲ್ಭಾಗದಲ್ಲಿ ಕೂರಿಸಬೇಕು. ಬಿಗಿದ ಸ್ಥಿತಿಯಲ್ಲಿ ಅದು ಕಿವಿ ದಾಟದಂತಿದ್ದರೆ ಅಳತೆ ಸರಿ ಎಂದರ್ಥ. ಬ್ರಿಟನ್ನಿನಲ್ಲಿ ಅಗಲವಾದ ಚರ್ಮದ ಪಟ್ಟಿಯೂ ರೂಢಿಯಲ್ಲಿದ್ದು, ಎಳೆತದ ಬಲವನ್ನು ಅದು ಕೊರಳಿನ ಹೆಚ್ಚು ಭಾಗಕ್ಕೆ ಹಂಚುತ್ತದೆ. ಮಾರ್ಟಿಂಗೇಲ್ ಪಟ್ಟಿ ಯಾವುದಕ್ಕಾದರೂ ಸಿಕ್ಕಿಕೊಂಡರೆ ಅಪಾಯವಿರುವುದರಿಂದ ಮನೆಯೊಳಗೆ ಅದನ್ನು ತೆಗೆದು, ವಿಳಾಸದ ಬಿಲ್ಲೆ ಇರುವ ಹಗುರವಾದ ಪಟ್ಟಿಯೊಂದನ್ನು ಮಾತ್ರ ಬಿಡುವುದು ಪದ್ಧತಿ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸ್ಥಳಕ್ಕೆ ಬರುವ ನಾಯಿಯ ಪಟ್ಟಿಯ ಮೇಲೆ ಒಡೆಯನ ಹೆಸರು, ವಿಳಾಸ ಇರಲೇಬೇಕೆಂಬ ನಿಯಮವಿದೆ. 2016ರಿಂದ ಚರ್ಮದಡಿ ಮೈಕ್ರೋಚಿಪ್ ಹಾಕಿಸುವುದೂ ಕಡ್ಡಾಯ. ಅಮೆರಿಕದ ಓಟದ ನಾಯಿಗಳ ಕಿವಿಯೊಳಗೆ ಹಚ್ಚೆಯೇ ಗುರುತಿನ ಚೀಟಿ: ಬಲಗಿವಿಯಲ್ಲಿ ಹುಟ್ಟಿದ ತಿಂಗಳು, ವರ್ಷದ ಕೊನೆಯ ಅಂಕಿ, ಒಡಹುಟ್ಟಿದವುಗಳಲ್ಲಿ ಅದನ್ನು ಗುರುತಿಸುವ ಅಕ್ಷರ; ಎಡಗಿವಿಯಲ್ಲಿ ಆ ಸೂಲಿನ ನೋಂದಣಿ ಸಂಖ್ಯೆ.

ಹಗ್ಗದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಗುಂಡಿಯೊತ್ತಿದರೆ ಉದ್ದವಾಗುವ, ಬಿಟ್ಟರೆ ಸುತ್ತಿಕೊಳ್ಳುವ ಹಿಡಿಕೆಯ ಹಗ್ಗ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಗ್ರೇಹೌಂಡಿಗೆ ಅದಕ್ಕಿಂತ ಕೆಟ್ಟ ಸಲಕರಣೆ ಇನ್ನೊಂದಿಲ್ಲ. ಕೆಲವೇ ದಾಪುಗಳಲ್ಲಿ ವೇಗ ಗಳಿಸುವ ನಾಯಿ ಹಗ್ಗದ ಕೊನೆ ಮುಟ್ಟಿದಾಗ ಉಂಟಾಗುವ ಜಗ್ಗಿಗೆ ಅದರ ಕೊರಳಿಗೂ ಹಿಡಿದವರ ಭುಜಕ್ಕೂ ಪೆಟ್ಟಾಗುತ್ತದೆ. ಕೈಯಿಂದ ಹಿಡಿಕೆ ಜಾರಿದರಂತೂ ಕಟಕಟನೆ ಸದ್ದು ಮಾಡುತ್ತ ಬೆನ್ನಟ್ಟಿ ಬರುವ ಆ ಪ್ಲಾಸ್ಟಿಕ್ಕಿಗೆ ಹೆದರಿ ನಾಯಿ ಇನ್ನಷ್ಟು ದೂರ ಓಡುತ್ತದೆ. ಒಂದೂವರೆ ಮೀಟರಿನ ಆಸುಪಾಸಿನ, ಉದ್ದ ಬದಲಾಗದ ಗಟ್ಟಿ ಹಗ್ಗ ಸಾಕು. ಅದರ ಕುಣಿಕೆಯೊಳಗೆ ಮಣಿಕಟ್ಟು ತೂರಿಸಿ ಹಿಡಿಯುವುದು ರೂಢಿ.

ಕರೆದರೆ ಬರುತ್ತದೆ ಎಂಬ ನಂಬಿಕೆಯಿಂದ ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚುವವರೂ ಇದ್ದಾರೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ದೂರದಲ್ಲಿ ಅಲುಗಿದ ಮೊಲದ ಮೇಲೆ ಕಣ್ಣು ನೆಟ್ಟ ನಾಯಿ, ಒಡೆಯ ಎರಡು ಸಲ ಹೆಸರು ಕೂಗುವಷ್ಟರಲ್ಲಿ ರಸ್ತೆ ದಾಟಿರುತ್ತದೆ. ಬೆನ್ನಟ್ಟುವ ಹೊತ್ತಿನಲ್ಲಿ ಅದಕ್ಕೆ ಕೂಗು ಕೇಳಿಸುವುದೂ ಅನುಮಾನ, ವಾಹನ ಕಾಣಿಸುವುದೂ ಅನುಮಾನ. ಆದಕಾರಣ ದತ್ತು ಕೊಡುವ ಬಹುತೇಕ ಸಂಸ್ಥೆಗಳು ಹಿತ್ತಲಿಗೆ ಒಂದೂವರೆಯಿಂದ ಎರಡು ಮೀಟರಿನಷ್ಟು ಎತ್ತರದ ಗಟ್ಟಿ ಬೇಲಿ ಇದೆಯೇ ಎಂದು ನೋಡಿದ ಮೇಲೆಯೇ ನಾಯಿಯನ್ನು ಕೊಡುತ್ತವೆ. ನೆಲದಡಿ ತಂತಿ ಹೂತು ಪಟ್ಟಿಯ ಮೂಲಕ ವಿದ್ಯುತ್ತಿನ ಚುರುಕು ಮುಟ್ಟಿಸುವ ಕಾಣದ ಬೇಲಿ ಇಲ್ಲಿ ನಿಷ್ಪ್ರಯೋಜಕ. ಚುರುಕು ತಿಳಿಯುವ ಮೊದಲೇ ನಾಯಿ ಆಚೆಗಿರುತ್ತದೆ, ಮತ್ತೆ ಒಳಬರಲು ಮಾತ್ರ ಹೆದರುತ್ತದೆ. ಮನಸಾರೆ ಓಡಿಸಬೇಕೆನ್ನುವವರಿಗಾಗಿ ಬ್ರಿಟನ್ನಿನಲ್ಲಿ ಸುತ್ತ ಬೇಲಿಯಿರುವ ಹೊಲಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ.

ಇಷ್ಟಾಗಿಯೂ ತಪ್ಪಿಸಿಕೊಂಡ ನಾಯಿಯ ಹಿಂದೆ ಓಡಬಾರದು; ಬೆನ್ನಟ್ಟುವಿಕೆ ಅದರ ಓಟವನ್ನು ಹೆಚ್ಚಿಸುತ್ತದೆ. ಹಿಂಡಿದರೆ ಕೀಚೆನ್ನುವ ಆಟಿಕೆಯ ಸದ್ದು ಮಾಡುತ್ತ ನೆಲದ ಮೇಲೆ ಕುಳಿತುಕೊಳ್ಳುವುದು ಹೆಚ್ಚು ಫಲಕಾರಿ, ಏಕೆಂದರೆ ಓಟದ ತರಬೇತಿಯಲ್ಲಿ ಅಂಥ ಸದ್ದಿನ ಆಮಿಷಗಳನ್ನು ಹಲವು ನಾಯಿಗಳು ಕೇಳಿಯೇ ಬೆಳೆದಿರುತ್ತವೆ.

ಬಾಯಿಕುಕ್ಕೆ ಏಕೆ

ಓಟದ ಕಣದಲ್ಲಿ ಎಲ್ಲ ನಾಯಿಗಳಿಗೂ ಬಾಯಿಕುಕ್ಕೆ ಇರುತ್ತದೆ. ನುಗ್ಗಾಟದಲ್ಲಿ ಒಂದನ್ನೊಂದು ಕಚ್ಚದಿರಲಿ ಎಂಬುದು ಅದರ ಉದ್ದೇಶ. ಮನೆ ಸೇರಿದ ಮೇಲೂ ಹಲವು ಗ್ರೇಹೌಂಡ್‌ಗಳನ್ನು ಒಟ್ಟಿಗೆ ಓಡಲು ಬಿಡುವಾಗ, ಬೆಕ್ಕು ಅಥವಾ ಚಿಕ್ಕ ನಾಯಿಯನ್ನು ಪರಿಚಯಿಸುವಾಗ ಇದನ್ನು ತೊಡಿಸುತ್ತಾರೆ. ಏದುಸಿರು ಬಿಡಲೂ ನೀರು ಕುಡಿಯಲೂ ಜಾಗವಿರುವ ಬುಟ್ಟಿಯ ಆಕಾರದ್ದು ಮಾತ್ರ ಇದಕ್ಕೆ ತಕ್ಕದ್ದು. ಮನುಷ್ಯರ ವಿಷಯದಲ್ಲಿ ಈ ತಳಿ ಅತ್ಯಂತ ಸೌಮ್ಯ, ಮನೆಗಾವಲಿಗಂತೂ ಅನರ್ಹ ಎನ್ನುವಷ್ಟು. ಆದರೂ ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಸಾಕಿದ ಗ್ರೇಹೌಂಡ್ ಹೊರಗೆ ಬಂದಾಗ ಬಾಯಿಕುಕ್ಕೆ ಇರಲೇಬೇಕೆಂಬ ಕಾನೂನು ವರ್ಷಾನುಗಟ್ಟಲೆ ಇತ್ತು. ವಿಕ್ಟೋರಿಯಾ ರಾಜ್ಯ ಅದನ್ನು 2019ರ ಆರಂಭದಲ್ಲಿ ಕೈಬಿಟ್ಟಿತು.

ಬೆಕ್ಕಿನ ವಿಷಯದಲ್ಲಿ ಸೌಮ್ಯತೆಯ ಲೆಕ್ಕ ಬೇರೆ. ದತ್ತು ಕೊಡುವ ಮೊದಲು ಬೆಕ್ಕಿನ ಎದುರು ನಾಯಿ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸುವ ಸಂಸ್ಥೆಗಳಿವೆ, ಬೆಕ್ಕಿನೊಡನೆ ಒಂದೇ ಸೋಫಾದಲ್ಲಿ ಮಲಗುವ ಗ್ರೇಹೌಂಡ್‌ಗಳೂ ಇವೆ. ಆದರೆ ಒಳಗೆ ಸುಮ್ಮನಿರುವ ನಾಯಿಯೇ ಹಿತ್ತಲಿನಲ್ಲಿ ಓಡುತ್ತಿರುವ ಅದೇ ಬೆಕ್ಕನ್ನು ಬೇಟೆಯಾಗಿ ಕಾಣಬಲ್ಲದು. ಚಲನೆಯೇ ಅದರ ಬೇಟೆಬುದ್ಧಿಯ ಕೀಲಿ.

ಗಾಜು, ಮೆಟ್ಟಿಲು, ನಿದ್ದೆ

ಓಟದ ನಾಯಿ ಹುಟ್ಟಿನಿಂದಲೂ ಕೆನಲ್ ಎನ್ನುವ ನಾಯಿಗೂಡುಗಳ ಸಾಲಿನಲ್ಲಿ, ನಿಗದಿತ ಹೊತ್ತಿನ ಊಟ, ನಿಗದಿತ ಹೊತ್ತಿನ ಬಯಲಾಟಗಳ ನಡುವೆ ಬೆಳೆದಿರುತ್ತದೆ. ಮೂರು ವರ್ಷದ ಬಲಿತ ನಾಯಿಯಾಗಿದ್ದರೂ ಮೆಟ್ಟಿಲು, ಕನ್ನಡಿ, ಟಿ.ವಿ., ನುಣುಪು ನೆಲ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಅದಕ್ಕೆ ಹೊಸತು. ಗಾಜಿನ ಬಾಗಿಲೆಂದರೆ ಗೊತ್ತಿಲ್ಲದ ನಾಯಿ ಹಿತ್ತಲಿನ ಅಳಿಲನ್ನು ಕಂಡು ಪೂರ್ಣ ವೇಗದಲ್ಲಿ ನುಗ್ಗಬಲ್ಲದು. ಅದರ ಕಣ್ಣಿನ ಮಟ್ಟಕ್ಕೆ ಗಾಜಿನ ಮೇಲೆ ಬಣ್ಣದ ಪಟ್ಟಿ ಅಂಟಿಸಿದರೆ ಈ ಅಪಾಯ ತಪ್ಪುತ್ತದೆ. ನುಣುಪು ನೆಲದ ಮೇಲೆ ಚಾಪೆಗಳನ್ನು ಹಾಸಬೇಕು. ಮೆಟ್ಟಿಲನ್ನು ಒಬ್ಬರು ಹಿಂದೆ ನಿಂತು, ಒಂದೊಂದೇ ಕಾಲನ್ನು ಕೈಯಾರೆ ಎತ್ತಿಟ್ಟು ಕಲಿಸುವುದು ವಾಡಿಕೆ.

ಕೆನಲ್‌ನಲ್ಲಿ ಸುತ್ತಮುತ್ತ ಹತ್ತಾರು ನಾಯಿಗಳಿದ್ದು ಒಂಟಿತನವೇ ಅರಿಯದ ಪ್ರಾಣಿ, ಮನೆಯವರೆಲ್ಲ ಕೆಲಸಕ್ಕೆ ಹೊರಟಾಗ ದಿಗಿಲುಗೊಂಡು ಊಳಿಡುವುದು, ಬಾಗಿಲು ಕೆರೆಯುವುದು ಸಹಜ. ಮೊದಲ ದಿನಗಳಲ್ಲಿ ಎರಡು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಹೀಗೆ ಹೊರಹೋಗಿ ಬರುತ್ತ ಒಂಟಿತನವನ್ನು ಅಭ್ಯಾಸ ಮಾಡಿಸುವುದರಲ್ಲಿ ಬುದ್ಧಿವಂತಿಕೆಯಿದೆ. ವಾಯುವಿಹಾರದ ನಡುವೆ ಕಲ್ಲಿನಂತೆ ನಿಂತುಬಿಡುವುದು ಹೊಸ ಗ್ರೇಹೌಂಡ್‌ಗಳ ಇನ್ನೊಂದು ಅಭ್ಯಾಸ. ಅದು ಹಟವೆಂದು ತಿಳಿದು ಎಳೆಯುವವರು ಅದರ ಹೆದರಿಕೆಯನ್ನು ಹೆಚ್ಚಿಸುತ್ತಾರೆ. ಒಂದು ಗಳಿಗೆ ಕಾದು, ದಿಕ್ಕು ಬದಲಿಸಿ ಹೊರಟರೆ ಸಾಮಾನ್ಯವಾಗಿ ಹಿಂಬಾಲಿಸುತ್ತದೆ.

ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದರ ನಿದ್ದೆಯ ಸ್ವಭಾವ. ಕೆನಲ್‌ನಲ್ಲಿ ತನ್ನ ಗೂಡಿನಲ್ಲಿ ಮಲಗಿದ ನಾಯಿಯನ್ನು ಯಾರೂ ಮುಟ್ಟುವುದಿಲ್ಲ. ಬಾಗಿಲು ತೆರೆದ ಸದ್ದಿಗೆ ಎದ್ದೇಳುವುದಷ್ಟೇ ಅದಕ್ಕೆ ಗೊತ್ತು. ಗಾಢನಿದ್ದೆಯಲ್ಲಿರುವಾಗ ಮೈಮೇಲೆ ಮಗುವೊಂದು ಬಿದ್ದರೆ, ಎಚ್ಚರವಾಗುವ ಮೊದಲೇ ಅದು ಗುರ್ರೆಂದು ಬಾಯಿ ಹಾಕಬಹುದು. ಕೆಲವು ಗ್ರೇಹೌಂಡ್‌ಗಳು ಕಣ್ಣು ತೆರೆದೇ ನಿದ್ರಿಸುವುದರಿಂದ, ನಾಯಿ ಎಚ್ಚರವಾಗಿದೆ ಎಂದು ದೊಡ್ಡವರೂ ಮೋಸಹೋಗುತ್ತಾರೆ. ನಾಯಿಯ ಹಾಸಿಗೆ ಮಕ್ಕಳಿಗೆ ನಿಷಿದ್ಧ ಜಾಗವಾಗಿರಬೇಕು. ಎಬ್ಬಿಸಬೇಕಾದಾಗ ದೂರದಿಂದಲೇ ಹೆಸರು ಕರೆದು, ಅದು ತಲೆಯೆತ್ತಿ ನೋಡುವವರೆಗೆ ಕಾಯಬೇಕು. ದತ್ತು ತೆಗೆದುಕೊಂಡವರು ನಾಯಿಯನ್ನು ಸಂಸ್ಥೆಗೆ ಮರಳಿಸಿದ ಪ್ರಸಂಗಗಳಲ್ಲಿ ಎಷ್ಟೋ ಇಂಥ ಒಂದು ಗಳಿಗೆಯ ಅರಿಯಮೆಯಿಂದ ಆದವು.

ಹಾಸಿಗೆ ಮತ್ತು ತಟ್ಟೆ

ಅಲೆಕ್ಸಾಂಡರನ ದಂಡಯಾತ್ರೆಯ ಇತಿಹಾಸಕಾರನೆಂದು ನಮಗೆ ಪರಿಚಿತನಾದ ಏರಿಯನ್, ಕ್ರಿ.ಶ. 2ನೆಯ ಶತಮಾನದಲ್ಲಿ ಬೇಟೆನಾಯಿಗಳ ಬಗ್ಗೆಯೂ ಒಂದು ಪುಸ್ತಕ ಬರೆದಿದ್ದಾನೆ. ಓಟದ ನಾಯಿಗೆ ಮೆತ್ತನೆಯ ಬೆಚ್ಚಗಿನ ಹಾಸಿಗೆಗಿಂತ ಮಿಗಿಲಾದದ್ದಿಲ್ಲ, ಮನುಷ್ಯರ ಜೊತೆ ಮಲಗಿದರೆ ಇನ್ನೂ ಒಳ್ಳೆಯದು ಎಂಬುದು ಅವನ ಅಭಿಪ್ರಾಯ. ಇಂದಿನ ಪಶುವೈದ್ಯರು ಕೊನೆಯ ಮಾತಿಗೆ ತಕರಾರು ತೆಗೆದಾರು, ಮೊದಲನೆಯದಕ್ಕಲ್ಲ. ಕೊಬ್ಬಿನ ಮೆತ್ತೆಯಿಲ್ಲದ ಮೊಣಕೈ, ಸೊಂಟದ ಮೂಳೆಗಳು ಗಟ್ಟಿ ನೆಲಕ್ಕೆ ಒತ್ತಿ ಹುಣ್ಣಾಗುವುದರಿಂದ ದಪ್ಪ ಹಾಸಿಗೆ ಅಗತ್ಯ. ದಿನದ ಬಹುಪಾಲನ್ನು ಈ ನಾಯಿ ಮಲಗಿಯೇ ಕಳೆಯುತ್ತದೆ. ಚಳಿಯ ದೇಶಗಳಲ್ಲಿ ಹೊರಗೆ ಹೋಗುವಾಗ ಅಂಗಿ ಬೇಕು. ಬೇಸಿಗೆಯ ಅಪಾಯವನ್ನು ಮಾತ್ರ ಜನ ಕಡೆಗಣಿಸುತ್ತಾರೆ: ಇಷ್ಟು ಸ್ನಾಯು ತುಂಬಿದ ದೇಹ ಓಡುವಾಗ ಅಪಾರ ಶಾಖವನ್ನು ಹೊರಹಾಕಬೇಕಾಗುತ್ತದೆ, ಸೆಕೆಯ ಮಧ್ಯಾಹ್ನದಲ್ಲಿ ಒಂದೆರಡು ನಿಮಿಷದ ಓಟವೂ ಜೀವಕ್ಕೆ ಎರವಾಗಬಲ್ಲದು.

ಮೈಯ ಕೊನೆಯ ಒಂದೆರಡು ಪಕ್ಕೆಲುಬುಗಳು ತೆಳುವಾಗಿ ಕಾಣುವುದೇ ಗ್ರೇಹೌಂಡಿನ ಸರಿಯಾದ ತೂಕದ ಗುರುತು. ಓಟದ ದಿನಗಳ ತೂಕಕ್ಕಿಂತ ಎರಡು ಕಿಲೋ ಹೆಚ್ಚಾದರೆ ಸಾಕು. ಮರುಕಪಟ್ಟು ದಪ್ಪಗಾಗಿಸಿದರೆ ತೆಳು ಕಾಲುಗಳ ಕೀಲುಗಳು ಅದರ ಭಾರ ಹೊರುತ್ತವೆ. ಕೆನಲ್‌ನ ಆಹಾರದಿಂದ ಮನೆಯ ಆಹಾರಕ್ಕೆ ಒಂದು ವಾರವಾದರೂ ತೆಗೆದುಕೊಂಡು ನಿಧಾನವಾಗಿ ಬದಲಿಸಬೇಕು, ಇಲ್ಲದಿದ್ದರೆ ಭೇದಿ ಖಂಡಿತ. ಎದೆ ಆಳವಾಗಿರುವ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯವಿರುವುದರಿಂದ ಊಟವನ್ನು ಎರಡು ಹೊತ್ತಿಗೆ ಹಂಚಬೇಕು, ಉಂಡ ಕೂಡಲೇ ಓಡಲು ಬಿಡಬಾರದು; ಹೊಟ್ಟೆ ಉಬ್ಬಿ, ಏನೂ ಹೊರಬಾರದೆ ಓಕರಿಸುತ್ತಿದ್ದರೆ ಅದು ಬೆಳಗಿನವರೆಗೆ ಕಾಯಬಹುದಾದ ತೊಂದರೆಯಲ್ಲ. ಅಡುಗೆಮನೆಯ ಕಟ್ಟೆ ಈ ನಾಯಿಯ ಮೂತಿಗೆ ಸರಿಸಮನಾದ ಎತ್ತರ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಇವೆಲ್ಲ ನಾಯಿಗಳಿಗೆ ವಿಷ. ಹಲ್ಲು ಮತ್ತು ವಸಡಿನ ರೋಗ ಈ ತಳಿಯಲ್ಲಿ ಬಹಳ. ಪ್ರತಿದಿನ ಹಲ್ಲುಜ್ಜುವುದಕ್ಕೆ ಬದಲಿಯಿಲ್ಲ.

ಮುಧೋಳದ ಬಂಧು

ಕನ್ನಡ ಓದುಗರಿಗೆ ಈ ವಿವರಗಳು ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೆನಪಿಸದಿರವು. ಘೋರ್ಪಡೆ ಅರಸರ ಪೋಷಣೆಯಲ್ಲಿ ಹೆಸರಾದ, 2005ರಲ್ಲಿ ಭಾರತೀಯ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ, ತಿಮ್ಮಾಪುರದಲ್ಲಿ ತನಗೆಂದೇ ಒಂದು ಸಂಶೋಧನಾ ಕೇಂದ್ರವನ್ನು ಹೊಂದಿರುವ ಮುಧೋಳ ನಾಯಿಯೂ ಕಣ್ಣಿನ ಬೇಟೆಗಾರನೇ. ಕಿರಿದಾದ ತಲೆ, ಆಳವಾದ ಎದೆ, ಬೆನ್ನಟ್ಟುವ ಬುದ್ಧಿ ಎರಡಕ್ಕೂ ಸಮಾನ. ವ್ಯತ್ಯಾಸಗಳೂ ಸಣ್ಣವಲ್ಲ. ಮುಧೋಳ ನಾಯಿ ಬಯಲುಸೀಮೆಯ ಬಿಸಿಲಿಗೆ ಒಗ್ಗಿದ್ದು, ಅಪರಿಚಿತರನ್ನು ನಂಬದ ಕಾವಲುಗಾರ, ಸಾಮಾನ್ಯವಾಗಿ ಮರಿಯಾಗಿದ್ದಾಗಲೇ ಮನೆ ಸೇರುವುದರಿಂದ ಗಾಜು, ಮೆಟ್ಟಿಲುಗಳ ಭಯ ಅದಕ್ಕಿಲ್ಲ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಸಾಕುವವರಿಗೂ ಜಾರದ ಪಟ್ಟಿ, ಉದ್ದ ಬದಲಾಗದ ಹಗ್ಗ, ಸುತ್ತ ಗೋಡೆಯಿರುವ ಬಯಲು ಇವುಗಳ ಅಗತ್ಯ ಮೆಲ್ಬರ್ನ್ ಅಥವಾ ಮ್ಯಾಂಚೆಸ್ಟರಿನಲ್ಲಿ ಗ್ರೇಹೌಂಡನ್ನು ದತ್ತು ಪಡೆದ ಕನ್ನಡಿಗರಿಗಿರುವಷ್ಟೇ ಇದೆ.

ಪಶುವೈದ್ಯರ ಮೇಜಿನ ಮೇಲೆ

ಗ್ರೇಹೌಂಡಿನ ರಕ್ತಪರೀಕ್ಷೆಯ ವರದಿಯನ್ನು ಬೇರೆ ನಾಯಿಗಳ ಮಾನದಂಡದಿಂದ ಓದಿದರೆ ಆರೋಗ್ಯವಂತ ನಾಯಿಯೂ ರೋಗಿಯಾಗಿ ಕಾಣುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಇದರಲ್ಲಿ ಸಾಮಾನ್ಯವಾಗಿ ಶೇ 50ರಿಂದ 65ರವರೆಗಿದ್ದು, ಬೇರೆ ತಳಿಯಲ್ಲಾದರೆ ಅದು ನಿರ್ಜಲತೆಯ ಲಕ್ಷಣ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ಕಡಿಮೆ, ಮೂತ್ರಪಿಂಡದ ಕೆಲಸವನ್ನು ಸೂಚಿಸುವ ಕ್ರಿಯಾಟಿನಿನ್ ಹೆಚ್ಚು. ಥೈರಾಯ್ಡ್ ಹಾರ್ಮೋನಿನ ಮಟ್ಟ ಹುಟ್ಟಾ ಕೆಳಗಿರುವುದರಿಂದ, ಇಲ್ಲದ ಥೈರಾಯ್ಡ್ ಕೊರತೆಗೆ ವರ್ಷಗಟ್ಟಲೆ ಮಾತ್ರೆ ನುಂಗಿದ ಗ್ರೇಹೌಂಡ್‌ಗಳಿವೆ. ತೊಡೆಯ ಹಿಂಭಾಗದ ಕೂದಲು ಉದುರುವುದು ಈ ತಳಿಯ ಸಾಮಾನ್ಯ ಚಹರೆಯಾಗಿದ್ದು ಆ ತಪ್ಪು ತೀರ್ಮಾನಕ್ಕೆ ಪುಷ್ಟಿ ಕೊಡುತ್ತದೆ. ಇದೇ ರಕ್ತ ಬೇರೆ ನಾಯಿಗಳಿಗೆ ವರ: ಕೆಂಪು ಕಣ ಸಮೃದ್ಧವಾಗಿರುವುದರಿಂದಲೂ, ಎಲ್ಲ ನಾಯಿಗಳಿಗೆ ಹೊಂದುವ ರಕ್ತದ ಗುಂಪು ಈ ತಳಿಯಲ್ಲಿ ಹೆಚ್ಚಾಗಿ ಸಿಗುವುದರಿಂದಲೂ ಗ್ರೇಹೌಂಡ್‌ಗಳು ಪಶು ಆಸ್ಪತ್ರೆಗಳಲ್ಲಿ ಬೇಡಿಕೆಯ ರಕ್ತದಾನಿಗಳು.

ಅರಿವಳಿಕೆಯ ವಿಷಯ ಇನ್ನೂ ಸೂಕ್ಷ್ಮ. ಕೆಲವು ಔಷಧಗಳನ್ನು ಒಡೆದುಹಾಕುವ ಯಕೃತ್ತಿನ ಕಿಣ್ವಗಳು ಗ್ರೇಹೌಂಡಿನಲ್ಲಿ ಮಂದವಾಗಿ ಕೆಲಸ ಮಾಡುವುದರಿಂದ, ಹಿಂದೆ ವ್ಯಾಪಕ ಬಳಕೆಯಲ್ಲಿದ್ದ ಥಯೋಪೆಂಟೋನ್ ಎಂಬ ಅರಿವಳಿಕೆ ಇಳಿಯಲು ಬೇರೆ ನಾಯಿಗಳಿಗಿಂತ ಹಲವು ಪಟ್ಟು ಹೆಚ್ಚು ಹೊತ್ತು ಹಿಡಿಯುತ್ತಿತ್ತು, ಒಮ್ಮೊಮ್ಮೆ ನಾಯಿ ಎಚ್ಚರಗೊಳ್ಳುತ್ತಲೇ ಇರಲಿಲ್ಲ. ಇಂದು ಬೇರೆ ಔಷಧಗಳಿವೆ, ಆದರೂ ನಾಯಿಯ ತಳಿಯನ್ನು ವೈದ್ಯರಿಗೆ ಮೊದಲೇ ತಿಳಿಸುವುದು ಒಡೆಯನ ಕರ್ತವ್ಯ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಮುಗಿದು ನಾಯಿ ಮನೆಗೆ ಬಂದ ಒಂದೆರಡು ದಿನಗಳ ಮೇಲೆ ಗಾಯದ ಸುತ್ತ ಇದ್ದಕ್ಕಿದ್ದಂತೆ ರಕ್ತ ಒಸರಿ ಚರ್ಮ ನೀಲಿಗಟ್ಟುವುದು ಈ ತಳಿಯ ಇನ್ನೊಂದು ವಿಶೇಷ. ಕಟ್ಟಿದ ಹೆಪ್ಪು ಅವಧಿಗೆ ಮೊದಲೇ ಕರಗಿಬಿಡುವುದು ಇದರ ಕಾರಣ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗಿಲೆರ್ಮೋ ಕೌಟೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇದನ್ನು ಬೆಳಕಿಗೆ ತಂದ ಮೇಲೆ, ಹೆಪ್ಪು ಕರಗದಂತೆ ತಡೆಯುವ ಔಷಧವನ್ನು ಮುಂಚಿತವಾಗಿ ಕೊಡುವ ಕ್ರಮ ಹಲವೆಡೆ ಬಂದಿದೆ.

ಓಡಿ ದಣಿದ ಕಾಲುಗಳು ಮುಪ್ಪಿನಲ್ಲಿ ಕುಂಟುವುದು ಸಹಜವೆಂದು ಸುಮ್ಮನಾಗುವ ಒಡೆಯರು ಬಹಳ, ಆದರೆ ಗ್ರೇಹೌಂಡಿನ ಕುಂಟಿಗೆ ಒಂದಕ್ಕೊಂದು ಸಂಬಂಧವಿಲ್ಲದ ಕಾರಣಗಳಿರುತ್ತವೆ. ಪಂಜದ ಮೆತ್ತೆಯಲ್ಲಿ ಗಟ್ಟಿಯಾದ ಆಣಿ ಬೆಳೆಯುವುದು ಈ ತಳಿಯಲ್ಲಿ ಸಾಮಾನ್ಯ. ಡಾಂಬರು ರಸ್ತೆಯ ಮೇಲೆ ಕುಂಟುವ ನಾಯಿ ಹುಲ್ಲಿನ ಮೇಲೆ ಸಲೀಸಾಗಿ ನಡೆದರೆ ಮೊದಲು ನೋಡಬೇಕಾದದ್ದು ಪಂಜವನ್ನು. ಪಂದ್ಯಗಳಲ್ಲಿ ನಾಯಿಗಳು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಓಡುವುದರಿಂದ ತಿರುವುಗಳ ಒತ್ತಡ ಹೆಚ್ಚಾಗಿ ಬಲ ಹಿಂಗಾಲಿನ ಹರಡಿನ ಮೇಲೆ ಬೀಳುತ್ತದೆ, ಅಲ್ಲಿನ ಮೂಳೆ ಮುರಿದು ಕೂಡಿಕೊಂಡ ಹಳೆಯ ಗಾಯ ವಯಸ್ಸಾದ ಮೇಲೆ ಸಂಧಿನೋವಾಗಿ ಮರುಕಳಿಸಬಹುದು. ಮೂರನೆಯದು ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್. ಇದು ಗ್ರೇಹೌಂಡ್‌ಗಳಲ್ಲಿ ಬೇರೆ ತಳಿಗಳಿಗಿಂತ ಹೆಚ್ಚು, ಕಾಲಿನ ಉದ್ದ ಮೂಳೆಗಳ ತುದಿಯಲ್ಲಿ, ಭುಜದ ಬಳಿ ಅಥವಾ ಮಣಿಕಟ್ಟಿನ ಬಳಿ ಅಥವಾ ಮೊಣಕಾಲಿನ ಸುತ್ತ ಹುಟ್ಟಿ, ಮೊದಮೊದಲು ಉಳುಕಿನಂತೆಯೇ ಕಾಣುತ್ತದೆ. ನೋವುನಿವಾರಕದಿಂದ ಕೆಲವು ದಿನ ಕುಂಟು ಮಾಯವಾಗುವುದೂ ಉಂಟು, ಅಷ್ಟರಲ್ಲಿ ಗಡ್ಡೆ ಬೆಳೆದಿರುತ್ತದೆ. ಮನೆಯಲ್ಲಿರುವ ಐಬುಪ್ರೊಫೆನ್‌ನಂಥ ಮನುಷ್ಯರ ಮಾತ್ರೆಯನ್ನು ಕೊಟ್ಟರಂತೂ ಅದೇ ವಿಷವಾಗುತ್ತದೆ. ಮಧ್ಯವಯಸ್ಸು ದಾಟಿದ ಗ್ರೇಹೌಂಡ್ ಕಾರಣ ತಿಳಿಯದೆ ಕುಂಟತೊಡಗಿದರೆ, ಮಾತ್ರೆ ಕೊಟ್ಟು ಎರಡು ವಾರ ಕಾಯುವ ಬೇರೆ ನಾಯಿಗಳ ಕ್ರಮವನ್ನು ಬಿಟ್ಟು ಮೊದಲೇ ಎಕ್ಸ್‌ರೇ ತೆಗೆಸುವುದು ಇದೇ ಕಾರಣಕ್ಕೆ.